ಕಾರ್ಡಿನ ದಿಡ್ಡಿ ಬಾಗಿಲು

ಸೂಲಿಬೆಲೆಯ ಬಸ್ ನಿಲ್ದಾಣಕ್ಕೆ ಸಮೀಪದ ಮೆಡಿಕಲ್ ಸ್ಟೋರಿನಲ್ಲಿ ಕಂಡದ್ದು. ದೇವನಹಳ್ಳಿ ವಿಮಾನ ನಿಲ್ದಾಣದ ಕಾರ್ಗೋದಲ್ಲಿ ಕೆಲಸ ಮಾಡುವ ಹುಡುಗನೊಬ್ಬ ಅಮ್ಮನ ಬಿಪಿ ಮಾತ್ರೆ ತೆಗೆದುಕೊಂಡ. ಕಾರ್ಡನ್ನು ಮಿಷನ್ನಿನ ಮೇಲೆ ಹಿಡಿದ. ಬೀಪ್ ಎಂದಿತು, ಚೀಟಿ ಬಂತು, ಹುಡುಗ ಹೊರಟ. ಪಿನ್ ಒತ್ತಲಿಲ್ಲ, ಸಹಿ ಹಾಕಲಿಲ್ಲ. ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು, ಹಿಪ್ಪುನೇರಳೆ ಬೆಳೆಯುವ ರೈತರು, ಅಂಗಡಿಯವನನ್ನು ಕೇಳಿದರು: "ಏನಪ್ಪಾ, ನಂಬರ್ ಒತ್ದಲೇ ದುಡ್ಡು ಹೋಯ್ತಾ? ಹಂಗಾದ್ರೆ ಜೇಬಲ್ಲಿರೋವಾಗ್ಲೂ ಯಾರಾದ್ರೂ ಮಿಷನ್ ತಗುಲಿಸಿ ಕಿತ್ಕೋಬೋದಲ್ಲ?"

ಅಂಗಡಿಯವನು ನಕ್ಕು, "ಅದೆಲ್ಲಾ ಆಗಲ್ಲ ಯಜಮಾನ್ರೇ" ಎಂದ. ಯಾಕೆ ಆಗಲ್ಲ ಎಂದು ಹೇಳಲಿಲ್ಲ. ಪ್ರಾಯಶಃ ಅವನಿಗೂ ಗೊತ್ತಿರಲಿಲ್ಲ.

ನಗುವಂಥ ಪ್ರಶ್ನೆಯಲ್ಲ ಅದು. ಬೀಗ ತೆಗೆಯದೆ ಬಾಗಿಲು ತೆರೆದುಕೊಂಡರೆ ಮನೆಯ ಯಜಮಾನನಿಗೆ ದಿಗಿಲಾಗುವುದು ಸಹಜ. ಆದರೆ ಕಾರ್ಡಿನ ವಿಚಾರದಲ್ಲಿ ನಾವು ಕಾವಲು ಕೂರುವುದೆಲ್ಲ ಮುಂಬಾಗಿಲಿಗೆ. ಕಳ್ಳ ಬರುವುದು ದಿಡ್ಡಿ ಬಾಗಿಲಿನಿಂದ. ಇನ್ನೊಂದು ಬಾಗಿಲೂ ಇದೆ. ಅದರಿಂದ ಯಾರೂ ಒಳಗೆ ಬರುವುದಿಲ್ಲ, ನಮ್ಮ ದುಡ್ಡೇ ಹೊರಗೆ ಹೋಗುತ್ತದೆ, ಅದೂ 'ಬಹುಮಾನ' ಎಂಬ ಹೆಸರಿನಲ್ಲಿ. ಈ ಎರಡು ಬಾಗಿಲುಗಳ ಚಿಲಕ ಯಾರ ಕೈಯಲ್ಲಿದೆ ಎಂಬುದು ನನ್ನ ಪ್ರಶ್ನೆ.

ಮೊದಲು ಆ ಹಿರಿಯರಿಗೆ ಉತ್ತರ. ತಾಗಿಸಿ ಪಾವತಿಸುವ ಕಾರ್ಡಿನೊಳಗೆ ಒಂದು ಚಿಪ್ಪೂ ಕೂದಲೆಳೆಯಂಥ ಆಂಟೆನಾ ಸುರುಳಿಯೂ ಇರುತ್ತವೆ. ಬ್ಯಾಟರಿ ಇಲ್ಲ. ಮಿಷನ್ನಿನ ಹತ್ತಿರ, ಅಂದರೆ ಸುಮಾರು ನಾಲ್ಕು ಸೆಂಟಿಮೀಟರ್ ಅಂತರದೊಳಗೆ ಹಿಡಿದಾಗ, ಮಿಷನ್ನಿನಿಂದಲೇ ಶಕ್ತಿ ಪಡೆದು ಚಿಪ್ಪು ಎಚ್ಚರಗೊಳ್ಳುತ್ತದೆ. ಪ್ರತಿ ಸಲವೂ ಹೊಸದೊಂದು ಗುಪ್ತ ಸಂಕೇತವನ್ನು ಹೆಣೆದು ಕೊಡುತ್ತದೆ. ಈ ಸಲದ ಸಂಕೇತ ಮುಂದಿನ ಸಲಕ್ಕೆ ನಡೆಯದು. ಹಳೆಯ ಕಪ್ಪು ಪಟ್ಟಿಯ ಕಾರ್ಡು ಹೀಗಿರಲಿಲ್ಲ. ಅದನ್ನು ಎಷ್ಟು ಸಲ ಉಜ್ಜಿದರೂ ಅದೇ ಮಾಹಿತಿ; ಒಂದು ಸಲ ಕದ್ದರೆ ನಕಲಿ ಕಾರ್ಡು ತಯಾರು. ಅದಕ್ಕೇ ಭಾರತೀಯ ರಿಸರ್ವ್ ಬ್ಯಾಂಕು 2018ರ ಡಿಸೆಂಬರ್ 31ರೊಳಗೆ ಪಟ್ಟಿ ಕಾರ್ಡುಗಳನ್ನೆಲ್ಲ ಚಿಪ್ ಕಾರ್ಡುಗಳಾಗಿ ಬದಲಿಸಲು ಗಡುವು ಕೊಟ್ಟಿತ್ತು.

ಹಾಗಾದರೆ ಜಾತ್ರೆಯ ನೂಕುನುಗ್ಗಲಲ್ಲಿ ಒಬ್ಬ ಮಿಷನ್ ಹಿಡಿದು ಬಂದು ಜೇಬಿಗೆ ತಾಗಿಸಿದರೆ? ತಾಂತ್ರಿಕವಾಗಿ ಅಸಾಧ್ಯವೇನಲ್ಲ. ಆದರೆ ಆ ಮಿಷನ್ನು ಯಾವುದೋ ಬ್ಯಾಂಕಿನದು, ಯಾರದೋ ಹೆಸರು ವಿಳಾಸ ಪರಿಶೀಲಿಸಿ ಕೊಟ್ಟದ್ದು. ದುಡ್ಡು ಹೋಗುವುದು ಆ ವ್ಯಾಪಾರಿಯ ಖಾತೆಗೇ. ಕಳ್ಳ ತನ್ನ ಮನೆ ವಿಳಾಸ ಬರೆದಿಟ್ಟು ಕದ್ದಂತಾಗುತ್ತದೆ. ಪಿನ್ ಇಲ್ಲದೆ ಒಂದು ಸಲಕ್ಕೆ ಹೋಗುವ ಮೊತ್ತಕ್ಕೂ ಮಿತಿಯಿದೆ. 2015ರ ಮೇ ತಿಂಗಳಲ್ಲಿ 2,000 ರೂಪಾಯಿ ಎಂದಿದ್ದದ್ದು 2021ರ ಜನವರಿ 1ರಿಂದ 5,000 ಆಗಿದೆ.

ನಮ್ಮ ಭಯದಲ್ಲೊಂದು ತಮಾಷೆಯಿದೆ. ಹೊಸಕೋಟೆಯಿಂದ ದಾಬಸ್‌ಪೇಟೆಯ ಕಡೆಗೆ ಹೋಗುವ ಉಪನಗರ ವರ್ತುಲ ರಸ್ತೆಯಲ್ಲಿ, ನಲ್ಲೂರಿನ ಟೋಲಿನಲ್ಲಿ, ದಿನವೂ ಸಾವಿರಾರು ಗಾಡಿಗಳ ಗಾಜಿಗೆ ಅಂಟಿಸಿದ ಫಾಸ್ಟ್ಯಾಗಿನಿಂದ ದುಡ್ಡು ಕಡಿತವಾಗುತ್ತದೆ. ಅಲ್ಲಿ ಪಿನ್ನೂ ಇಲ್ಲ, ಮಿಷನ್ನನ್ನು ತಾಗಿಸುವುದೂ ಇಲ್ಲ. ಓದುವುದೇ ಮೀಟರುಗಟ್ಟಲೆ ದೂರದಿಂದ. ನಾಲ್ಕು ಸೆಂಟಿಮೀಟರಿಗೆ ಹೆದರುವ ನಾವು ಅದಕ್ಕೆ ಹೆದರಲಿಲ್ಲ. ಒಮ್ಮೆ ಹೆದರಿದ್ದು 2022ರ ಜೂನ್‌ನಲ್ಲಿ. ಕಾರಿನ ಗಾಜು ಒರೆಸುವ ಹುಡುಗ ಕೈಗಡಿಯಾರದಿಂದ ಫಾಸ್ಟ್ಯಾಗ್ ಸ್ಕ್ಯಾನ್ ಮಾಡಿ ದುಡ್ಡು ಕದಿಯುತ್ತಾನೆಂಬ ವಿಡಿಯೊ ಊರೂರಿನ ವಾಟ್ಸ್ಯಾಪ್ ಗುಂಪುಗಳಲ್ಲಿ ಹರಿದಾಡಿತು. ಅದು ಸುಳ್ಳು, ನೋಂದಾಯಿತ ಟೋಲ್ ಮತ್ತು ಪಾರ್ಕಿಂಗ್ ಸ್ಥಳಗಳಿಗೆ ಮಾತ್ರ ಫಾಸ್ಟ್ಯಾಗಿನ ದುಡ್ಡು ಹೋಗಲು ಸಾಧ್ಯ ಎಂದು ರಾಷ್ಟ್ರೀಯ ಪಾವತಿ ನಿಗಮ ಸ್ಪಷ್ಟಪಡಿಸಬೇಕಾಯಿತು. ಸುಳ್ಳು ವಿಡಿಯೊಗೆ ಗಾಬರಿಯಾದ ಜನ, ನಿಜವಾದ ತೂತುಗಳ ಮುಂದೆ ನಿಶ್ಚಿಂತೆಯಿಂದ ನಿದ್ದೆ ಮಾಡುತ್ತಿದ್ದಾರೆ ಎಂಬುದು ನನ್ನ ತಕರಾರು.

ಆ ತೂತುಗಳು ಯಾವುವು? ಒಂದು, ಕಳೆದುಹೋದ ಕಾರ್ಡು. ಜೇಬಿನಲ್ಲಿರುವ ಕಾರ್ಡಿಗಿಂತ ಪೆಟ್ರೋಲ್ ಬಂಕಿನಲ್ಲಿ ಬಿಟ್ಟುಬಂದ ಕಾರ್ಡು ನೂರುಪಾಲು ಅಪಾಯಕಾರಿ. ಸಿಕ್ಕವನು 5,000ದೊಳಗಿನ ಮೊತ್ತಕ್ಕೆ ಒಂದಾದಮೇಲೊಂದು ಅಂಗಡಿಯಲ್ಲಿ ತಾಗಿಸುತ್ತಾ ಹೋಗಬಹುದು, ನಾವು ಕಾರ್ಡು ಬಂದ್ ಮಾಡಿಸುವವರೆಗೆ ಅಥವಾ ದಿನದ ಮಿತಿ ಮುಗಿಯುವವರೆಗೆ. ಎರಡು, ವಿದೇಶಿ ಜಾಲತಾಣಗಳು. ನಮ್ಮ ದೇಶದಲ್ಲಿ ಆನ್‌ಲೈನ್ ಖರೀದಿಗೆ ಎರಡನೆಯ ಹಂತದ ದೃಢೀಕರಣ 2009ರ ಆಗಸ್ಟ್‌ನಿಂದಲೇ ಕಡ್ಡಾಯ. ಓಟಿಪಿ ನಮಗೆ ಅಭ್ಯಾಸವಾದದ್ದು ಹಾಗೆ. ಹೊರದೇಶದ ಅನೇಕ ತಾಣಗಳಿಗೆ ಈ ಕಟ್ಟುಪಾಡಿಲ್ಲ. ಕಾರ್ಡಿನ ಸಂಖ್ಯೆ, ಅವಧಿ, ಹಿಂಬದಿಯ ಮೂರಂಕಿ ಸಿಕ್ಕರೆ ಸಾಕು, ಓಟಿಪಿ ಕೇಳದೆಯೇ ವ್ಯವಹಾರ ಮುಗಿದಿರುತ್ತದೆ. ಹೋಟೆಲಿನವರಿಗೆ ವಾಟ್ಸ್ಯಾಪಿನಲ್ಲಿ ಕಾರ್ಡಿನ ಎರಡೂ ಬದಿಯ ಫೋಟೊ ಕಳಿಸುವವರು ಇದನ್ನು ನೆನಪಿಡಬೇಕು. ಮೂರು, ನಮ್ಮದೇ ಬಾಯಿ. "ನಿಮ್ಮ ರಿವಾರ್ಡ್ ಪಾಯಿಂಟ್ ಇವತ್ತು ರಾತ್ರಿ ಮುಗಿದುಹೋಗುತ್ತೆ, ಓಟಿಪಿ ಹೇಳಿ" ಎಂಬ ಕರೆಗೆ ಯಾವ ಚಿಪ್ಪೂ ಅಡ್ಡ ಬರಲಾರದು. ಗಮನಿಸಿ, ಕಳ್ಳ ಇಲ್ಲಿ ಹಿಡಿಯುವ ಗಾಳಕ್ಕೆ ಸಿಕ್ಕಿಸಿದ ಎರೆಹುಳವೇ ಪಾಯಿಂಟು.

ಈ ಮೂರರಲ್ಲಿ ಮೊದಲೆರಡಕ್ಕೆ ಚಿಲಕ ಇದೆ. 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು ಒಂದು ಸುತ್ತೋಲೆ ಹೊರಡಿಸಿತು. ಅದೇ ಅಕ್ಟೋಬರ್ 1ರಿಂದ ಪೂರ್ತಿ ಜಾರಿಗೆ ಬಂತು. ಹೊಸ ಕಾರ್ಡು ಕೊಡುವಾಗ ಅದು ದೇಶದೊಳಗಿನ ಎಟಿಎಂ ಮತ್ತು ಅಂಗಡಿ ಮಿಷನ್ನಿನಲ್ಲಿ, ಚಿಪ್ಪು ತೂರಿಸಿ ಮಾತ್ರ ನಡೆಯಬೇಕು. ಆನ್‌ಲೈನ್, ವಿದೇಶ, ತಾಗಿಸುವ ಪಾವತಿ ಈ ಮೂರೂ ಗ್ರಾಹಕ ತಾನಾಗಿ ತೆರೆದರೆ ಮಾತ್ರ ತೆರೆಯಬೇಕು. ಒಂದೊಂದಕ್ಕೂ ಬೇರೆ ಬೇರೆ ಮಿತಿ ಇಟ್ಟುಕೊಳ್ಳುವ, ಬೇಕಾದಾಗ ಆರಿಸಿ ಹೊತ್ತಿಸುವ ಸೌಲಭ್ಯ ದಿನದ ಇಪ್ಪತ್ತನಾಲ್ಕು ಗಂಟೆಯೂ ಇರಬೇಕು. ದೀಪದ ಸ್ವಿಚ್ಚಿನಷ್ಟೇ ಸರಳ. ಜಗತ್ತಿನ ಎಷ್ಟೋ ಶ್ರೀಮಂತ ದೇಶಗಳ ಗ್ರಾಹಕರಿಗೂ ಕಾನೂನಿನ ಮೂಲಕ ಸಿಗದ ಅಧಿಕಾರವಿದು.

ಆದರೆ ಸ್ವಿಚ್ಚು ಎಲ್ಲಿದೆ? ಒಂದು ಸಂಜೆ ನನ್ನ ಫೋನಿನಲ್ಲೇ ಹುಡುಕಿ ನೋಡಿದೆ. ಆ್ಯಪ್ ತೆರೆದು, 'ಸರ್ವೀಸಸ್' ಒತ್ತಿ, 'ಕಾರ್ಡ್ಸ್' ಒತ್ತಿ, 'ಮ್ಯಾನೇಜ್' ಒತ್ತಿ, ಕಾರ್ಡಿನ ಕೊನೆಯ ನಾಲ್ಕಂಕಿ ಆರಿಸಿ, 'ಡೊಮೆಸ್ಟಿಕ್', 'ಇಂಟರ್‌ನ್ಯಾಷನಲ್' ಎಂಬ ಎರಡು ಪುಟ ದಾಟಿದ ಮೇಲೆ ಸಣ್ಣ ಅಕ್ಷರದಲ್ಲಿ 'ಕಾಂಟ್ಯಾಕ್ಟ್‌ಲೆಸ್' ಸಿಕ್ಕಿತು. ಎಲ್ಲವೂ ಇಂಗ್ಲಿಷು. ಅದೇ ಆ್ಯಪಿನ ಮೊದಲ ಪುಟದಲ್ಲೇ, ತೆರೆದ ಕೂಡಲೇ ಕಣ್ಣಿಗೆ ರಾಚುವಂತೆ, ಹಸಿರು ಬಣ್ಣದಲ್ಲಿ ಮಿನುಗುತ್ತಿದ್ದದ್ದು 'ನಿಮಗೆ ಮಂಜೂರಾದ ಸಾಲ'ದ ಜಾಹೀರಾತು. ಅದು ಮಾತ್ರ ಕನ್ನಡದಲ್ಲಿತ್ತು! ಸಾಲ ಕೊಡಲು ಬರುವ ಕನ್ನಡ, ಚಿಲಕ ತೋರಿಸಲು ಬರುವುದಿಲ್ಲ. ಶಾಖೆಗಳಲ್ಲಿ ಗ್ರಾಹಕರಿಗಾಗಿ ಇಡುವ ಮುದ್ರಿತ ಸಾಮಗ್ರಿ ಇಂಗ್ಲಿಷ್, ಹಿಂದಿ, ಪ್ರಾದೇಶಿಕ ಭಾಷೆ ಮೂರರಲ್ಲೂ ಇರಬೇಕೆಂಬ ನಿಯಮವಿದೆ. ಶಾಖೆಯೇ ಫೋನಿನೊಳಗೆ ಹೋಗಿ ಕುಳಿತ ಮೇಲೆ ಆ ನಿಯಮವೂ ಅಲ್ಲಿಗೆ ಹೋಗಬೇಡವೇ?

"ಇದೆಲ್ಲಾ ರಗಳೆಯೇ ಬೇಡ, ನಮಗೆ ಹೆಬ್ಬೆಟ್ಟೇ ವಾಸಿ" ಎನ್ನುವವರೂ ನಮ್ಮ ಹೋಬಳಿಯಲ್ಲಿದ್ದಾರೆ. ಆಧಾರ್ ಸಂಖ್ಯೆ ಹೇಳಿ, ಬ್ಯಾಂಕ್ ಮಿತ್ರನ ಯಂತ್ರದ ಮೇಲೆ ಬೆರಳಿಟ್ಟರೆ ದುಡ್ಡು ಕೈಗೆ ಬರುತ್ತದೆ. ಕಾರ್ಡೂ ಬೇಡ, ಪಿನ್ನೂ ಬೇಡ. ವಯಸ್ಸಾದವರಿಗೆ ಇದೊಂದು ವರವೇ. ಆದರೆ 2023ರಲ್ಲಿ ಕರ್ನಾಟಕದಲ್ಲಿ ಏನಾಯಿತೆಂದು ನೆನಪಿಸಿಕೊಳ್ಳಿ. ಆಸ್ತಿ ನೋಂದಣಿ ಮಾಡಿಸಿದ ಹಲವರ ಖಾತೆಯಿಂದ, ಅವರು ಯಾರಿಗೂ ಓಟಿಪಿ ಹೇಳದೆ, ಯಾವ ಕೊಂಡಿಯನ್ನೂ ಒತ್ತದೆ, ದುಡ್ಡು ಹೋಗತೊಡಗಿತು. ಪೊಲೀಸರು ಜಾಡು ಹಿಡಿದು ಹೋದಾಗ ಸಿಕ್ಕದ್ದು ಕ್ರಯಪತ್ರ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದ ಮೂಲಕ ಸಿಗುತ್ತಿದ್ದ ದಾಖಲೆಗಳಲ್ಲಿ ಆಧಾರ್ ಸಂಖ್ಯೆಯೂ ಬೆರಳಚ್ಚೂ ಇದ್ದವು. ಆ ಅಚ್ಚಿನಿಂದ ಕೃತಕ ಬೆರಳು ತಯಾರಿಸಿ, ಆಧಾರ್ ಪಾವತಿ ವ್ಯವಸ್ಥೆಯ ಮೂಲಕ ಖಾತೆ ಬರಿದು ಮಾಡಿದ್ದರು. ಹೊರರಾಜ್ಯದ ಆರೋಪಿಗಳ ಬಂಧನವಾಯಿತು. ದಾಖಲೆಗಳಲ್ಲಿ ಬೆರಳಚ್ಚು ಕಾಣದಂತೆ ಮರೆಮಾಡಬೇಕೆಂದು ಪೊಲೀಸರು ಇಲಾಖೆಗೆ ಹೇಳಿದರು.

ಹೊಸಕೋಟೆ, ದೇವನಹಳ್ಳಿ ತಾಲ್ಲೂಕುಗಳಲ್ಲಿ ಈ ಸುದ್ದಿಯ ತೂಕವೇ ಬೇರೆ. ವಿಮಾನ ನಿಲ್ದಾಣ ಬಂದ 2008ರಿಂದೀಚೆಗೆ ಇಲ್ಲಿ ಭೂಮಿ ಕೈ ಬದಲಾಯಿಸಿದ ವೇಗ ಎಲ್ಲರಿಗೂ ಗೊತ್ತು. ಜಮೀನು ಮಾರಿದವರು, ಕೊಂಡವರು, ಭಾಗ ಮಾಡಿಕೊಂಡವರು, ಸಾಕ್ಷಿ ಹಾಕಿದವರು ಎಲ್ಲರೂ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಬೆರಳೊತ್ತಿ ಬಂದವರೇ. ಅದರಲ್ಲೂ ಜಮೀನು ಮಾರಿದವನ ಖಾತೆಯಲ್ಲಿ ಆಗ ದುಡ್ಡು ಇದ್ದೇ ಇರುತ್ತದೆ. ಕಾರ್ಡು ಹೋದರೆ ಹೊಸ ಕಾರ್ಡು ಬರುತ್ತದೆ, ಪಿನ್ ಸೋರಿದರೆ ಬದಲಿಸಬಹುದು. ಬೆರಳು ಸೋರಿದರೆ? ಆಧಾರ್ ತಾಣದಲ್ಲಿ ಅಥವಾ ಆ್ಯಪಿನಲ್ಲಿ ಬಯೊಮೆಟ್ರಿಕ್ ಲಾಕ್ ಮಾಡಿಡುವ ಅನುಕೂಲವಿದೆ. ಬೇಕಾದಾಗ ತೆರೆದು ಮತ್ತೆ ಮುಚ್ಚಬಹುದು. ನೋಂದಣಿ ಮಾಡಿಸಿದ ಪ್ರತಿಯೊಬ್ಬರೂ ಅದನ್ನು ಮಾಡಬೇಕು. ತಾಗಿಸುವ ಕಾರ್ಡನ್ನು ಅನುಮಾನದಿಂದ ನೋಡಿದ ಆ ಹಿರಿಯರ ಕಣ್ಣಿಗೆ ಬೀಳದ ದಿಡ್ಡಿ ಬಾಗಿಲು ಅವರ ಬಲಗೈಯಲ್ಲೇ ಇತ್ತು.

ಇಷ್ಟಾದರೂ ಕಳವಾದರೆ? ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆ ಪ್ರಯೋಜನವಿಲ್ಲ ಎನ್ನುತ್ತದೆ ಗಾದೆ. ಬ್ಯಾಂಕಿನ ವಿಚಾರದಲ್ಲಿ ಗಾದೆ ಪೂರ್ತಿ ನಿಜವಲ್ಲ. ಬೇಗ ಹಾಕಿದರೆ ಪ್ರಯೋಜನವಿದೆ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಇದಕ್ಕೆ ಆಧಾರ. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕನದೂ ಅಲ್ಲ, ವ್ಯವಸ್ಥೆಯಲ್ಲಿ ಎಲ್ಲೋ ಸೋರಿಕೆಯಾಗಿದೆ ಎಂದಾದರೆ, ಬ್ಯಾಂಕಿನಿಂದ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕನ ಹೊಣೆ ಸೊನ್ನೆ. ನಾಲ್ಕರಿಂದ ಏಳು ದಿನವಾದರೆ ಹೊಣೆಗೆ ಮಿತಿಯಿದೆ: ಮೂಲ ಉಳಿತಾಯ ಖಾತೆಗೆ ಹೆಚ್ಚೆಂದರೆ 5,000, ಬೇರೆ ಉಳಿತಾಯ ಖಾತೆಗಳಿಗೆ 10,000 ರೂಪಾಯಿ. ದೂರು ಕೊಟ್ಟ ಹತ್ತು ಕೆಲಸದ ದಿನಗಳಲ್ಲಿ ಬ್ಯಾಂಕು ಆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಜಮಾ ಮಾಡಬೇಕು, ತೊಂಬತ್ತು ದಿನದೊಳಗೆ ಇತ್ಯರ್ಥ ಮಾಡಬೇಕು. ಎಲ್ಲಕ್ಕಿಂತ ದೊಡ್ಡ ಮಾತು: ತಪ್ಪು ಗ್ರಾಹಕನದು ಎಂದು ಸಾಬೀತು ಮಾಡುವ ಭಾರ ಬ್ಯಾಂಕಿನ ಮೇಲೆ. ಆದರೆ ಪಿನ್ನು, ಓಟಿಪಿ ನಾವೇ ಕೊಟ್ಟಿದ್ದರೆ, ನಾವು ತಿಳಿಸುವವರೆಗಿನ ನಷ್ಟವೆಲ್ಲ ನಮ್ಮದೇ. ತಿಳಿಸಿದ ಮರುಕ್ಷಣದಿಂದ ಆಗುವುದು ಬ್ಯಾಂಕಿನದು.

ಇಲ್ಲಿಯೇ ನಾನು ಕಂಡುಕೊಂಡ ಮುಖ್ಯ ಸಂಗತಿಯಿದೆ. ಕಾರ್ಡಿನ ಭದ್ರತೆ ಎಂದರೆ ಲೋಹದ ಹಾಳೆ ಹೊದಿಸಿದ ಪರ್ಸ್ ಕೊಳ್ಳುವುದಲ್ಲ. ನಷ್ಟವಾದರೆ ಯಾರು ಹೊರಬೇಕು ಎಂಬ ಪ್ರಶ್ನೆಗೆ ಸಿಗುವ ಉತ್ತರವೇ ಭದ್ರತೆ. ಆ ಉತ್ತರ ಕಾಗದದ ಮೇಲೆ ನಮ್ಮ ಪರವಾಗಿದೆ. ನಮ್ಮಲ್ಲಿ ಎಷ್ಟು ಜನ ಅದನ್ನು ಬ್ಯಾಂಕಿನ ಕಿಟಕಿಯಲ್ಲಿ ನಿಂತು ಹೇಳಬಲ್ಲರು? "ನೀವೇ ಓಟಿಪಿ ಕೊಟ್ಟಿರ್ತೀರಿ, ಹೋಗಿ ಪೊಲೀಸ್ ಕಂಪ್ಲೇಂಟ್ ಕೊಡಿ" ಎಂದರೆ ತಲೆ ತಗ್ಗಿಸಿ ಹಿಂದಿರುಗುವವರೇ ಹೆಚ್ಚು. ಸಾಬೀತು ಮಾಡಬೇಕಾದವರು ತಾವಲ್ಲ ಎಂದು ಅವರಿಗೆ ಯಾರೂ ಹೇಳಿಲ್ಲ.

ಈಗ ಎರಡನೆಯ ಬಾಗಿಲು, 'ಬಹುಮಾನ'ದ್ದು. ದೇವನಹಳ್ಳಿಯ ಸುತ್ತಮುತ್ತ ಸಂಬಳದ ಕೆಲಸ ಹೆಚ್ಚಾಗಿದೆ. ವಿಮಾನ ನಿಲ್ದಾಣ, ಗೋದಾಮುಗಳು, ಫಾಕ್ಸ್‌ಕಾನ್ ಕಾರ್ಖಾನೆ, ಇವಕ್ಕೆ ಹೋಗುವ ಹುಡುಗ ಹುಡುಗಿಯರಿಗೆ ಮೊದಲ ಸಂಬಳ ಬಿದ್ದ ವಾರವೇ ಫೋನ್ ಬರುತ್ತದೆ: "ಸಾರ್, ಲೈಫ್‌ಟೈಮ್ ಫ್ರೀ ಕಾರ್ಡ್. ಏರ್‌ಪೋರ್ಟ್ ಲಾಂಜ್ ಫ್ರೀ. ಫ್ಲೈಟ್ ಟಿಕೆಟ್‌ಗೆ ಪಾಯಿಂಟ್ಸ್." ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಜನ ನಾವು. ನಮ್ಮೂರಿನ ಬಯಲಿನಿಂದ ನೋಡಿದರೆ ವಿಮಾನ ಇಳಿಯುವುದು ದಿನವೂ ಕಾಣುತ್ತದೆ; ಅದರೊಳಗೆ ಕೂರುವ ಆಸೆ ಯಾರಿಗಿಲ್ಲ?

ಬಿಟ್ಟಿಯೆಂಬುದು ಇಲ್ಲಿ ಇಲ್ಲ. ಕ್ರೆಡಿಟ್ ಕಾರ್ಡಿನಲ್ಲಿ ನೂರು ರೂಪಾಯಿ ಕೊಟ್ಟರೆ ಅಂಗಡಿಯವನ ಕೈಗೆ ನೂರು ಬರುವುದಿಲ್ಲ. ಒಂದೂವರೆ ಎರಡು ರೂಪಾಯಿಯ ಆಸುಪಾಸು ಬ್ಯಾಂಕುಗಳಿಗೂ ಕಾರ್ಡು ಜಾಲಕ್ಕೂ ಹೋಗುತ್ತದೆ. ಅದರ ಒಂದು ಚೂರೇ ಪಾಯಿಂಟಾಗಿ ನಮ್ಮತ್ತ ವಾಪಸಾಗುವುದು. ಯುಪಿಐಗೂ ರುಪೇ ಡೆಬಿಟ್ ಕಾರ್ಡಿಗೂ 2020ರ ಜನವರಿ 1ರಿಂದ ವ್ಯಾಪಾರಿಯ ಮೇಲೆ ಈ ಶುಲ್ಕವೇ ಇಲ್ಲ. ಆದ್ದರಿಂದಲೇ ಅವುಗಳಲ್ಲಿ ದೊಡ್ಡ ಬಹುಮಾನವೂ ಇಲ್ಲ. ಹಂಚಲು ಅಲ್ಲಿ ರಾಶಿಯೇ ಇಲ್ಲ. ವ್ಯಾಪಾರಿ ಈ ಶುಲ್ಕವನ್ನು ಕಡೆಗೆ ಬೆಲೆಯಲ್ಲಿ ಸೇರಿಸುತ್ತಾನೆ. ನೋಟು ಕೊಟ್ಟು ಅದೇ ಬೆಲೆಗೆ ಕೊಳ್ಳುವವನು, ಇನ್ನೊಬ್ಬನ ವಿಮಾನ ಟಿಕೆಟಿಗೆ ತನಗೆ ತಿಳಿಯದೆಯೇ ಚಂದಾ ಹಾಕಿರುತ್ತಾನೆ.

ಇನ್ನೂ ದೊಡ್ಡ ಚಂದಾ ಹಾಕುವವನು ಬಾಕಿ ಉಳಿಸಿಕೊಂಡವನು. ಒಂದು ಲೆಕ್ಕ ನೋಡೋಣ. ಒಬ್ಬ ಹುಡುಗ ತಿಂಗಳಿಗೆ 20,000 ರೂಪಾಯಿ ಕಾರ್ಡಿನಲ್ಲಿ ಖರ್ಚು ಮಾಡುತ್ತಾನೆ ಎನ್ನಿ. ನೂರು ರೂಪಾಯಿಗೆ ಒಂದು ಪಾಯಿಂಟು, ಪಾಯಿಂಟಿಗೆ ನಾಲ್ಕಾಣೆ ಬೆಲೆ. ವರ್ಷಕ್ಕೆ 2,40,000 ಖರ್ಚು, 2,400 ಪಾಯಿಂಟು, ಅಂದರೆ 600 ರೂಪಾಯಿ. ಒಂದು ತಿಂಗಳು, ಒಂದೇ ತಿಂಗಳು, ಆ 20,000 ಕಟ್ಟಲಾಗದೆ ಮುಂದಕ್ಕೆ ಹೋಯಿತೆನ್ನಿ. ತಿಂಗಳಿಗೆ ಶೇ 3.5ರ ಬಡ್ಡಿ 700, ಅದರ ಮೇಲೆ ಶೇ 18ರ ಜಿಎಸ್‌ಟಿ 126, ಒಟ್ಟು 826. ಒಂದು ವರ್ಷ ಕೂಡಿಟ್ಟ ಪಾಯಿಂಟನ್ನು ಒಂದು ತಿಂಗಳ ಎಡವಟ್ಟು ನುಂಗಿ ನೀರು ಕುಡಿಯಿತು. 'ಕನಿಷ್ಠ ಮೊತ್ತ' ಎಂದು ಬಿಲ್ಲಿನಲ್ಲಿ ದಪ್ಪಗೆ ಮುದ್ರಿಸಿದ 1,000 ರೂಪಾಯಿ ಮಾತ್ರ ಕಟ್ಟಿದರೆ, ಅದರಲ್ಲಿ ಅಸಲಿಗೆ ಸೇರುವುದು 174. ಸಾಲದ್ದಕ್ಕೆ, ಬಾಕಿ ಇರುವವರೆಗೆ ಹೊಸ ಖರೀದಿಗೂ ಕೊಂಡ ದಿನದಿಂದಲೇ ಬಡ್ಡಿ.

ಈ ಬಡ್ಡಿಗೆ ಒಮ್ಮೆ ಲಗಾಮು ಬಿದ್ದಿತ್ತು. ವರ್ಷಕ್ಕೆ ಶೇ 30ಕ್ಕಿಂತ ಹೆಚ್ಚು ಬಡ್ಡಿ ಅನ್ಯಾಯದ ವ್ಯಾಪಾರ ಪದ್ಧತಿ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತು. ಬ್ಯಾಂಕುಗಳು ಮೇಲ್ಮನವಿ ಹೋದವು. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟು ಆ ಆದೇಶವನ್ನು ರದ್ದು ಮಾಡಿತು. ಈಗ ತಿಂಗಳಿಗೆ ಶೇ 3.5 ಎಂದರೆ ವರ್ಷಕ್ಕೆ ಶೇ 42. ಊರಿನ ಮೀಟರ್ ಬಡ್ಡಿಯವನನ್ನು ಬಾಯ್ತುಂಬ ಬೈಯುವ ನಾವು, ಮಿರುಗುವ ಕಾರ್ಡಿನ ಮೇಲೆ ಅದೇ ಸಿಟ್ಟನ್ನು ತೋರಿಸುವುದಿಲ್ಲ.

ಬಡ್ಡಿಗೆ ಸಿಗದೆ, ಜಾಣತನದಿಂದ ಪಾಯಿಂಟು ಕೂಡಿಟ್ಟವರ ಕಥೆ? ಅದಕ್ಕೂ ನಮ್ಮ ಬೆಂಗಳೂರಿನಲ್ಲೇ ಉದಾಹರಣೆಯಿದೆ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿದಾಗ ಅದರ ಲಾಂಛನವಾಗಿದ್ದವನು ಮೈಸೂರಿನ ಆರ್.ಕೆ. ಲಕ್ಷ್ಮಣರ 'ಶ್ರೀಸಾಮಾನ್ಯ'. ಪಾಯಿಂಟು ಲೆಕ್ಕದ ಗೊಡವೆ ಇಲ್ಲದೆ ಟಿಕೆಟನ್ನೇ ಅಗ್ಗ ಮಾಡಿದ ಸಂಸ್ಥೆ ಅದು. 2005ರಲ್ಲಿ ಹಾರಾಟ ಶುರು ಮಾಡಿದ ಕಿಂಗ್‌ಫಿಶರ್ ಇದಕ್ಕೆ ತದ್ವಿರುದ್ಧ: ವೈಭವ, ಮೈಲುಗಳು, 'ಕಿಂಗ್ ಕ್ಲಬ್' ಸದಸ್ಯತ್ವ. ಎರಡನೆಯದು ಮೊದಲನೆಯದನ್ನು ನುಂಗಿತು. 2012ರ ಅಕ್ಟೋಬರಿನಲ್ಲಿ ಕಿಂಗ್‌ಫಿಶರ್ ಹಾರಾಟ ನಿಂತಾಗ, ಸಂಬಳ ಸಿಗದ ನೌಕರರ ನೋವಿನ ಮುಂದೆ ಪ್ರಯಾಣಿಕರ ಮೈಲುಗಳ ಮಾತೆತ್ತುವುದೂ ನಾಚಿಕೆಗೇಡಾಗಿತ್ತು. ಆದರೆ ಆ ಮೈಲುಗಳು ಯಾವ ಕೆಲಸಕ್ಕೂ ಬಾರದೆ ಹೋದದ್ದು ನಿಜ. ಬ್ಯಾಂಕಿನಲ್ಲಿಟ್ಟ ಠೇವಣಿಗೆ 5 ಲಕ್ಷದವರೆಗೆ ವಿಮೆಯಿದೆ, ಪಾಯಿಂಟಿಗೆ ಇಲ್ಲ. ಅದರ ಬೆಲೆಯನ್ನು ಕೊಟ್ಟವನೇ ಯಾವಾಗ ಬೇಕಾದರೂ ಇಳಿಸಬಹುದು. ಲಾಂಜಿನ ಗತಿಯೂ ಅದೇ. 2023-24ರಿಂದ ಹಲವು ಬ್ಯಾಂಕುಗಳು 'ಹಿಂದಿನ ಮೂರು ತಿಂಗಳಲ್ಲಿ ಇಂತಿಷ್ಟು ಖರ್ಚು ಮಾಡಿದ್ದರೆ ಮಾತ್ರ ಪ್ರವೇಶ' ಎಂದು ಷರತ್ತು ಹಾಕಿವೆ. ಕಾರ್ಡು ತೋರಿಸಿ ಎರಡು ರೂಪಾಯಿಗೆ ಇಡ್ಲಿ ತಿನ್ನಬಹುದೆಂದು ಹೋದವನಿಗೆ ಬಾಗಿಲಲ್ಲೇ ಇದು ಗೊತ್ತಾಗುತ್ತದೆ.

ಹಾಗೆಂದು ಕ್ರೆಡಿಟ್ ಕಾರ್ಡನ್ನು ಮುಟ್ಟಲೇಬಾರದು ಎಂಬುದು ನನ್ನ ವಾದವಲ್ಲ. ಎದುರು ಪಕ್ಷಕ್ಕೂ ಬಲವಾದ ಮಾತಿದೆ. ಡೆಬಿಟ್ ಕಾರ್ಡಿನಿಂದ ಕಳವಾದರೆ ಹೋಗುವುದು ಮಗಳ ಫೀಸಿಗೆಂದು ಇಟ್ಟ ನಮ್ಮ ದುಡ್ಡು. ವಾಪಸು ಬರುವವರೆಗೆ ಕಾಯಬೇಕಾದವರು ನಾವು. ಕ್ರೆಡಿಟ್ ಕಾರ್ಡಿನಿಂದ ಕಳವಾದರೆ ಆ ಕ್ಷಣಕ್ಕೆ ಸಿಕ್ಕಿಬಿದ್ದಿರುವುದು ಬ್ಯಾಂಕಿನ ದುಡ್ಡು. ನಾವು ತಕರಾರು ಸಲ್ಲಿಸಿ ವಾದಿಸಬಹುದು. ಆನ್‌ಲೈನ್ ಖರೀದಿ, ಪ್ರಯಾಣದ ಮುಂಗಡ, ಹೋಟೆಲ್ ಬುಕಿಂಗ್, ಇಂಥ ಅಪರಿಚಿತ ಕಡೆಗಳಲ್ಲಿ ಕ್ರೆಡಿಟ್ ಕಾರ್ಡೇ ಹೆಚ್ಚು ಸುರಕ್ಷಿತ. ಅಪಾಯವಿರುವ ಕಡೆ ಅದನ್ನು ಬಳಸಿ. ಕೈಯಲ್ಲಿ ದುಡ್ಡಿಲ್ಲದ ಕಡೆ ಬಳಸಬೇಡಿ. ಇಷ್ಟು ನೆನಪಿದ್ದರೆ ಅದು ಆಳು, ಮರೆತರೆ ಅರಸ.

ಪ್ರಯಾಣದ ಕಾರ್ಡು ಆರಿಸುವ ಕ್ರಮವೂ ಹೀಗೆಯೇ. ಜಾಹೀರಾತಿನ ಸಮುದ್ರತೀರ ನೋಡಿ ಆರಿಸಬಾರದು, ನಮ್ಮ ಕಳೆದ ವರ್ಷದ ಓಡಾಟ ಬರೆದು ಆರಿಸಬೇಕು. ಸೂಲಿಬೆಲೆಯ ಸಾಮಾನ್ಯ ಮನೆಯ ಓಡಾಟ ಯಾವುದು? ಹೊಸಕೋಟೆಗೆ ಬಸ್ಸು. ಆ ಮನೆಯ ಹೆಂಗಸರಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ಟಿಗಿಂತ ದೊಡ್ಡ ಪ್ರಯಾಣ ಬಹುಮಾನ ಯಾವ ಬ್ಯಾಂಕು ಕೊಟ್ಟೀತು? ಕಾಡುಗೋಡಿಗೆ ಹೋಗಿ ಮೆಟ್ರೊ ಹತ್ತುವ ಹುಡುಗನಿಗೆ ಮೆಟ್ರೊ ಕಾರ್ಡು ಪ್ರತಿ ಸಲ ಶೇ 5ರ ರಿಯಾಯಿತಿ ಕೊಡುತ್ತದೆ. ಮೇಲಿನ ಲೆಕ್ಕದ ಹುಡುಗನ ಕ್ರೆಡಿಟ್ ಕಾರ್ಡು ಕೊಟ್ಟದ್ದು ಶೇ ಕಾಲು. ದಿನವೂ ಟೋಲು ದಾಟುವ ಸ್ವಂತ ಕಾರಿನವರಿಗೆ 2025ರ ಆಗಸ್ಟ್ 15ರಂದು 3,000 ರೂಪಾಯಿಗೆ ಜಾರಿಗೆ ಬಂದ, 200 ಸಲದ ಫಾಸ್ಟ್ಯಾಗ್ ವಾರ್ಷಿಕ ಪಾಸು ಯಾವ ಪಾಯಿಂಟಿಗಿಂತಲೂ ಮೇಲು. ಜನಧನ ಖಾತೆಯ ರುಪೇ ಕಾರ್ಡು ಟ್ರಂಕಿನ ತಳದಲ್ಲಿ ಬಿದ್ದಿದ್ದರೆ ಅದನ್ನು ಈಗಲೇ ಹೊರತೆಗೆಯಿರಿ. 2018ರ ಆಗಸ್ಟ್ 28ರ ನಂತರ ತೆರೆದ ಖಾತೆಯಾದರೆ ಅದರ ಮೇಲೆ 2 ಲಕ್ಷ ರೂಪಾಯಿ ಅಪಘಾತ ವಿಮೆಯಿದೆ, ಹಳೆಯದಾದರೆ 1 ಲಕ್ಷ. ಅಪಘಾತಕ್ಕೆ ಹಿಂದಿನ 90 ದಿನಗಳಲ್ಲಿ ಒಂದಾದರೂ ವ್ಯವಹಾರ ನಡೆದಿರಬೇಕೆಂಬುದು ಷರತ್ತು. ಮೂರು ತಿಂಗಳಿಗೊಮ್ಮೆ ನೂರು ರೂಪಾಯಿ ತೆಗೆದರೂ ವಿಮೆ ಜೀವಂತ. ಇಂಥದ್ದನ್ನು ಯಾರೂ ಫೋನ್ ಮಾಡಿ ಹೇಳುವುದಿಲ್ಲ.

ನಿಜವಾಗಿ ವಿದೇಶಕ್ಕೆ ಹೋಗುವವರಿದ್ದಾರೆ: ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆ, ಉಮ್ರಾಕ್ಕೆ, ದುಬೈ ಕೆಲಸಕ್ಕೆ. ಅವರು ಪಾಯಿಂಟು ಎಷ್ಟೆಂದು ಕೇಳುವ ಮೊದಲು ಕೇಳಬೇಕಾದದ್ದು ವಿದೇಶಿ ವಿನಿಮಯದ ಮೇಲೆ ಎಷ್ಟು ಹಾಕುತ್ತೀರಿ ಎಂದು. ಶೇ 3.5 ಇದ್ದರೆ, 1 ಲಕ್ಷ ಖರ್ಚಿಗೆ 3,500, ಅದರ ಜಿಎಸ್‌ಟಿ 630, ಒಟ್ಟು 4,130 ರೂಪಾಯಿ ಹೋಯಿತು. ಈ ಶುಲ್ಕವಿಲ್ಲದ ಕಾರ್ಡುಗಳೂ ಇವೆ. ಪಾಯಿಂಟು ಕಡಿಮೆಯಾದರೂ ಅವೇ ಲಾಭ. ಅಲ್ಲಿನ ಅಂಗಡಿಯವನು "ರೂಪಾಯಿಯಲ್ಲಿ ಹಾಕಲೇ?" ಎಂದು ಆತ್ಮೀಯವಾಗಿ ಕೇಳಿದರೆ ಬೇಡವೆನ್ನಿ, ಡಾಲರೋ ದಿರ್ಹಮೋ, ಆ ದೇಶದ ಹಣದಲ್ಲೇ ಕೊಡಿ. ಅವನ ಪರಿವರ್ತನೆಯ ದರ ಬಹುತೇಕ ದುಬಾರಿಯೇ. ಹೊರಡುವ ಹಿಂದಿನ ರಾತ್ರಿ ಕಾರ್ಡಿನ ವಿದೇಶದ ಸ್ವಿಚ್ಚು ಹಾಕಿ, ಬಂದಿಳಿದ ದಿನವೇ ಆರಿಸಿ.

ಗ್ರಾಹಕ ಕೇಳದೆ ಬ್ಯಾಂಕು ಕಾರ್ಡು ಕಳಿಸುವಂತಿಲ್ಲ, ಮುಚ್ಚಲು ಹೇಳಿದರೆ ಏಳು ಕೆಲಸದ ದಿನದೊಳಗೆ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ದಂಡ ಗ್ರಾಹಕನಿಗೆ ಕೊಡಬೇಕು. ಇದೂ ರಿಸರ್ವ್ ಬ್ಯಾಂಕು 2022ರ ನಿರ್ದೇಶನದಲ್ಲಿ ತಂದ ನಿಯಮ. ನಿಯಮಗಳಿಗೆ ಬರವಿಲ್ಲ. ಬರವಿರುವುದು ಅವನ್ನು ನಮ್ಮ ಭಾಷೆಯಲ್ಲಿ, ನಮ್ಮ ಹೋಬಳಿಯ ಶಾಖೆಯ ಗೋಡೆಯ ಮೇಲೆ, ನಮ್ಮ ಫೋನಿನ ಮೊದಲ ಪುಟದಲ್ಲಿ ಬರೆದು ಹೇಳುವವರಿಗೆ. ಬ್ಯಾಂಕುಗಳು ಅದನ್ನು ತಾವಾಗಿ ಮಾಡುವುದಿಲ್ಲ, ಕೇಳಿದರೆ ಮಾಡಿಯಾರು. ಗ್ರಾಮಸಭೆಯಲ್ಲಿ, ಡೇರಿಯ ವಾರ್ಷಿಕ ಸಭೆಯಲ್ಲಿ, ಸ್ತ್ರೀಶಕ್ತಿ ಸಂಘದ ವಾರದ ಕೂಟದಲ್ಲಿ ಬ್ಯಾಂಕಿನವರನ್ನು ಕರೆದು ಇಷ್ಟನ್ನು ಕೇಳಬೇಕು: ಚಿಲಕ ಎಲ್ಲಿದೆ, ಕನ್ನಡದಲ್ಲಿ ತೋರಿಸಿ.

ಅಲ್ಲಿಯವರೆಗೆ ಮನೆಮನೆಯಲ್ಲೂ ಆಗಬೇಕಾದ ಕೆಲಸ ಅರ್ಧ ಗಂಟೆಯದು. ಓದಿದ ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅಪ್ಪನ ಕಾರ್ಡಿನಲ್ಲಿ ತಾಗಿಸುವ ಪಾವತಿ ಬೇಡವಾಗಿದ್ದರೆ ಆರಿಸಿ; ನಿಮ್ಮದರಲ್ಲಿ ಬೇಕಿದ್ದರೆ ಮಿತಿಯನ್ನು 5,000ದಿಂದ 1,000ಕ್ಕೆ ಇಳಿಸಿ. ವಿದೇಶದ ಸ್ವಿಚ್ಚು ಮುಚ್ಚಿ. ಹೆಬ್ಬೆಟ್ಟಿಗೆ ಲಾಕ್ ಹಾಕಿ. ದುಡ್ಡು ಹೋದದ್ದು ಕಂಡರೆ ಮೊದಲು ಬ್ಯಾಂಕಿಗೆ, ಆ ಕೂಡಲೇ 1930ಕ್ಕೆ ಫೋನ್ ಮಾಡಿ. ಮೂರು ದಿನದ ಗಡುವನ್ನು ಕ್ಯಾಲೆಂಡರಿನ ಮೇಲೆ ಬರೆದಿಡಿ. ಬ್ಯಾಂಕು ಮೂವತ್ತು ದಿನದಲ್ಲಿ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ.

ಮೆಡಿಕಲ್ ಸ್ಟೋರಿನ ಆ ಹಿರಿಯರು ಮತ್ತೆ ಸಿಕ್ಕರೆ ನಾನು ಹೇಳುವುದು ಇಷ್ಟೇ: ಯಜಮಾನ್ರೇ, ಜೇಬಿನಲ್ಲಿರುವ ಕಾರ್ಡಿನಿಂದ ದುಡ್ಡು ಕಿತ್ತುಕೊಳ್ಳುವುದು ಸುಲಭವಿಲ್ಲ. ಆದರೆ ನೀವು ಪ್ರಶ್ನೆ ಕೇಳುವುದನ್ನು ಮಾತ್ರ ಬಿಡಬೇಡಿ. ಮುಂದಿನ ಸಲ ಅದನ್ನು ಮೆಡಿಕಲ್ ಸ್ಟೋರಿನಲ್ಲಿ ಬೇಡ, ಬ್ಯಾಂಕಿನಲ್ಲಿ ಕೇಳಿ.